ನಲವತ್ತೆಂಟರ ಸೀಮೆಯಲ್ಲಿ ನಲವತ್ತೇಳರ ಹಾಡು



ನಲವತ್ತೇಳರ ಸ್ವಾತಂತ್ರ್ಯವನ್ನೇ ಪ್ರಶ್ನೆ ಮಾಡಿದ ಸಿದ್ದಲಿಂಗಯ್ಯನವರ ಹಾಡು ನಿಮಗೆಲ್ಲ ಗೊತ್ತು. ಎಪ್ಪತ್ತರ ದಶಕದ್ದು, ದಲಿತ ಸಂಘರ್ಷ ಸಮಿತಿ ಜೊತೆಗೇ ಬೆಳೆದದ್ದು. ಇದೇ ಮೂಲ, ಉಳಿದದ್ದು ನಕಲು ಅನ್ನಾಕ ಬರಂಗಿಲ್ಲ. ಜನ್ನಿಯವರ ದನಿಯಲ್ಲಿ ಒಂದು, ಪಿಚ್ಚಳ್ಳಿ ಶ್ರೀನಿವಾಸ್ ದನಿಯಲ್ಲಿ ಇನ್ನೊಂದು, ನಮ್ಮ ಕಡೆ ಹಲಗಿ ಬಡಿತಕ್ಕೆ ಬಿದ್ದರೆ ಮತ್ತೊಂದು. ರಾಗ ಮರೆತವರು ಘೋಷಣೆ ಹಂಗ ಕೂಗ್ತಾರ, ಅದೂ ನಡೀತೈತಿ.

ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಾಗ ಹಾಡಿದಾಗ ಅದಕ್ಕೆ ಇನ್ನೊಂದು ಅರ್ಥಾನೂ ಐತಿ. 1947ರಲ್ಲಿ ಇಲ್ಲಿ ನಿಜಾಮನ ಆಳ್ವಿಕೆ. ಕೊಪ್ಪಳ, ಯಲಬುರ್ಗಾ ಸಾಲಾರ್‌ಜಂಗರ ಜಹಗೀರು. ನಿಜಾಮ ಶರಣಾದದ್ದು 1948ರ ಸೆಪ್ಟೆಂಬರ್ 17ಕ್ಕೆ. ಹದಿಮೂರು ತಿಂಗಳು ತಡವಾಯ್ತು ಅಂತ ಪ್ರತಿ ವರ್ಷ ಧ್ವಜ ಹಾರಿಸಿ ಭಾಷಣ ಮಾಡ್ತಾರ. ಮಾಡ್ಲಿ. ನಮ್ಮ ಕೇರಿಗಾದ ತಡದ ಲೆಕ್ಕ?

2014ರಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 98 ಜನರಿಗೆ ಜೀವಾವಧಿ ಶಿಕ್ಷೆ ಆದದ್ದು 2024ರ ಅಕ್ಟೋಬರಿನಲ್ಲಿ. ತಿಂಗಳೊಳಗೆ ಹೆಚ್ಚಿನವರಿಗೆ ಹೈಕೋರ್ಟಿನಿಂದ ಜಾಮೀನು. ನಡುವೆ 2021ರಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ದಲಿತರ ಪುಟ್ಟ ಮಗು ಗುಡಿಯೊಳಗೆ ಓಡಿತು ಅಂತ ಅಪ್ಪನಿಗೆ ದಂಡ.

ಈ ಸಲ ಸೆಪ್ಟೆಂಬರ್ 17ರ ಧ್ವಜದ ಕೆಳಗೆ ನಾವೂ ಆ ಹಾಡು ಹಾಡೋಣ. ಹಲಗಿ ಇದ್ದವರು ತರ್ರಿ.