ಸೋನ್ಸ್ ಫಾರ್ಮ್, ಮೂಡುಬಿದಿರೆ

ದಕ್ಷಿಣ ಕನ್ನಡದ ಮೂಡುಬಿದಿರೆ ಬಳಿ 1926ರಲ್ಲಿ ಆರಂಭವಾದ, ಸೋನ್ಸ್ ಕುಟುಂಬವೇ ನಡೆಸಿಕೊಂಡು ಬಂದಿರುವ ತೋಟ. ಇಲ್ಲಿಗೆ ಜನರನ್ನು ಕರೆಯುವುದು ಗಿಡಮರಗಳೇ. ಅನಾನಸಿಗೆ ಹೆಸರಾದ ತೋಟದಲ್ಲಿ ರಂಬುಟಾನ್, ಮ್ಯಾಂಗೋಸ್ಟೀನ್, ಬಗೆಬಗೆಯ ಬಿದಿರೂ ಇವೆ. ಮೂಡುಬಿದಿರೆಯ 1430ರ ಸಾವಿರ ಕಂಬದ ಬಸದಿಯಷ್ಟೇ ಗಮನಕ್ಕೆ ಈ ತೋಟವೂ ಅರ್ಹ. ತೋಟ ನೋಡಲು ಜನರನ್ನು ಬರಮಾಡಿಕೊಂಡರೆ ಕೃಷಿ ಬರೀ ವ್ಯಾಪಾರವಾಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ, ಆದರೆ ಅರ್ಧಸತ್ಯ. ಬೀಜದಿಂದ ಎದ್ದ ಮ್ಯಾಂಗೋಸ್ಟೀನ್ ಮೊದಲ ಕಾಯಿ ಬಿಡಲು ಏಳೆಂಟು ವರ್ಷವಾದರೂ ಬೇಕು. ತಕ್ಷಣದ ಲಾಭವನ್ನೇ ನಂಬಿದವರು ಅದನ್ನು ನೆಡುವುದಿಲ್ಲ. ಅಪ್ಪ ನೆಟ್ಟದ್ದನ್ನು ಮಕ್ಕಳು ಕೊಯ್ಯುವ ಮನೆತನದ ತೋಟಕ್ಕೆ ಮಾತ್ರ ಅಂಥ ಕಾಯುವಿಕೆ ಸಾಧ್ಯ. ಅಂಥ ತೋಟವನ್ನು ನೋಡಿದ ಬಂಟ್ವಾಳ, ಬೆಳ್ತಂಗಡಿಯ ಅಡಿಕೆ ಬೆಳೆಗಾರರಿಗೆ ಮಿಶ್ರಬೆಳೆಯ ಧೈರ್ಯ ಬರುತ್ತದೆ.