ಆಕಾಶದ ದಫ್ತರಿನಲ್ಲಿ ಒಂದು ಹೆಸರು

ಕಳೆದ ತಿಂಗಳು ಜುಮಾ ನಮಾಝ್ ಮುಗಿದು ಜನರೆಲ್ಲ ಹೊರಟ ಮೇಲೆ, ನಮ್ಮ ಜಮಾಅತಿನ ಒಬ್ಬ ಸಹೋದರರು ಕೈಯಲ್ಲಿ ಒಂದು ಫ್ರೇಮು ಹಿಡಿದು ನನಗಾಗಿ ಕಾಯುತ್ತಿದ್ದರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುವವರು. ಮನೆಯಲ್ಲಿ ಹೆಣ್ಣುಮಗು ಹುಟ್ಟಿ ಹತ್ತು ದಿನವಾಗಿತ್ತು.

"ಹಜ್ರತ್, ಮಗಳ ಅಖೀಖಾದ ನೆನಪಿಗೆ ಒಂದು ನಕ್ಷತ್ರಕ್ಕೆ ಅವಳ ಹೆಸರು ಇಡಿಸಿದ್ದೇನೆ. ಮೊಬೈಲಿನಲ್ಲೇ ದುಡ್ಡು ಕಟ್ಟಿದೆ. ಸರ್ಟಿಫಿಕೇಟ್ ಕಳಿಸಿದ್ದಾರೆ. ಇದು ಜಾಯಿಝ್ ಹೌದಾ?" ಎಂದು ಕೇಳಿದರು. ಅವರು ಕಟ್ಟಿದ ಹಣ ನಾಲ್ಕು ದಿನದ ದುಡಿಮೆ.

"ಜಾಯಿಝ್ ಹೌದೋ ಅಲ್ಲವೋ ಎನ್ನುವ ಮೊದಲು, ಇದು ನಿಜವೋ ಅಲ್ಲವೋ ನೋಡೋಣ" ಎಂದೆ. ಸೂರಃ ಅಲ್ ಹುಜುರಾತ್‌ನಲ್ಲಿ ಅಲ್ಲಾಹನು ನಮಗೆ ಕಲಿಸಿದ್ದೂ ಅದನ್ನೇ. ಸುದ್ದಿ ಬಂದಾಗ ಮೊದಲು ವಿಚಾರಿಸಿ, ತಿಳಿಯದೆ ಹೆಜ್ಜೆ ಇಡಬೇಡಿ. ಹಾಗೆ ವಿಚಾರಿಸುತ್ತ ಹೋದಾಗ ನನಗೇ ತಿಳಿಯದಿದ್ದ ಒಂದು ಇತಿಹಾಸ ಸಿಕ್ಕಿತು. ಎರಡು ಜುಮಾಗಳಲ್ಲಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ.

ಮೊದಲು ಆ ಸಹೋದರರ ಪ್ರಶ್ನೆಗೆ ನೇರ ಉತ್ತರ. ನಕ್ಷತ್ರಗಳ ಹೆಸರನ್ನು ಯಾರೂ ಮಾರುವಂತಿಲ್ಲ. ಕೋಟಿಗಟ್ಟಲೆ ನಕ್ಷತ್ರಗಳಲ್ಲಿ ವಿಜ್ಞಾನಿಗಳು ಒಪ್ಪಿರುವ ಹೆಸರುಗಳು ಕೆಲವು ನೂರು ಮಾತ್ರ. ಅವುಗಳಲ್ಲಿ ಬಹಳಷ್ಟು ಅರಬಿ ಮೂಲದವು. ಅಲ್ಡೆಬರನ್ ಎಂದರೆ ಅದ್ದಬರಾನ್, ಹಿಂಬಾಲಿಸುವವನು. ಉಳಿದವಕ್ಕೆಲ್ಲ ಬರೀ ಸಂಖ್ಯೆ. ದುಡ್ಡು ಪಡೆದು ಹೆಸರಿಡುವವರು ತಮ್ಮದೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಅಷ್ಟೆ. ಯಾವ ಖಗೋಳಶಾಸ್ತ್ರಜ್ಞನೂ ಆ ಪುಸ್ತಕವನ್ನು ತೆರೆಯುವುದಿಲ್ಲ.

ಹಾಗಾದರೆ ಆಕಾಶದಲ್ಲಿ ಮನುಷ್ಯರ ಹೆಸರೇ ಇಲ್ಲವೇ? ಇದೆ. ಸಾವಿರಾರು ಹೆಸರುಗಳಿವೆ. ಅವು ಇರುವುದು ನಕ್ಷತ್ರಗಳಿಗಲ್ಲ, ಕ್ಷುದ್ರಗ್ರಹಗಳಿಗೆ. ಮಂಗಳ ಮತ್ತು ಗುರು ಗ್ರಹಗಳ ನಡುವಿನ ಹಾದಿಯಲ್ಲಿ ಹೆಚ್ಚಾಗಿ ಸುತ್ತುವ, ಕಲ್ಲುಗುಡ್ಡಗಳಂಥ ಸಣ್ಣ ಸಣ್ಣ ಲೋಕಗಳು ಅವು. ಅವುಗಳಿಗೆ ಒಂದು ದಫ್ತರು ಇದೆ. ಅದರಲ್ಲಿ ಹೆಸರು ಸೇರುವ ಬಗೆ ನಮಗೆಲ್ಲ ಪಾಠವಾಗುವಂಥದ್ದು.

ಕಂಡು, ಕಳೆದು, ಸಿಕ್ಕ ಗ್ರಹ

1801ರ ಜನವರಿ 1ರ ರಾತ್ರಿ, ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ಪಿಯಾಝಿ ಎಂಬ ಪಾದ್ರಿ ದೂರದರ್ಶಕದಲ್ಲಿ ಒಂದು ಚುಕ್ಕೆಯನ್ನು ಕಂಡರು. ಒಂದು ಕಾಲದಲ್ಲಿ ಮುಸ್ಲಿಮರು ಇನ್ನೂರು ವರ್ಷಕ್ಕೂ ಹೆಚ್ಚು ಆಳಿದ ನಗರವದು. ಮರುದಿನ ನೋಡಿದರೆ ಚುಕ್ಕೆ ಸ್ವಲ್ಪ ಸರಿದಿತ್ತು. ನಕ್ಷತ್ರ ಹಾಗೆ ಸರಿಯುವುದಿಲ್ಲ. ಫೆಬ್ರವರಿವರೆಗೆ ಅವರು ಅದನ್ನು ಗಮನಿಸಿದರು. ಅಷ್ಟರಲ್ಲಿ ಕಾಯಿಲೆ ಬಿದ್ದರು, ಚುಕ್ಕೆಯೂ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು.

ಅದನ್ನು ಮತ್ತೆ ಎಲ್ಲಿ ಹುಡುಕುವುದು? ಗೌಸ್ ಎಂಬ 24 ವರ್ಷದ ಜರ್ಮನ್ ಯುವಕ ಪಿಯಾಝಿ ಬರೆದಿಟ್ಟ ಅಳತೆಗಳನ್ನು ಹಿಡಿದು ಲೆಕ್ಕ ಹಾಕಿ, ಅದು ಇಂಥ ಕಡೆ ಇರಬೇಕು ಎಂದ. ಅದೇ ವರ್ಷದ ಕೊನೆಯ ರಾತ್ರಿ ಅದು ಸರಿಸುಮಾರು ಅಲ್ಲಿಯೇ ಸಿಕ್ಕಿತು.

ಪಿಯಾಝಿ ಅದಕ್ಕೆ ಎರಡು ಮಾತಿನ ಹೆಸರಿಟ್ಟಿದ್ದರು. ಒಂದು ಸಿರಿಸ್, ಇನ್ನೊಂದು ತಮ್ಮ ರಾಜ ಫರ್ಡಿನೆಂಡನ ಹೆಸರು. ಬೇರೆ ದೇಶದವರು ರಾಜನ ಹೆಸರನ್ನು ಒಪ್ಪಲಿಲ್ಲ. ಸಿರಿಸ್ ಉಳಿಯಿತು, ರಾಜ ಬಿದ್ದುಹೋದ. ಇಂದಿಗೂ ದಫ್ತರಿನ ಮೊದಲ ಸಂಖ್ಯೆ ಅದರದೇ, 1 ಸಿರಿಸ್.

ಮದ್ರಾಸಿನಿಂದ ಕಾವಲೂರಿಗೆ

ಈ ದಫ್ತರಿನಲ್ಲಿ ನಮ್ಮ ದಕ್ಷಿಣ ಭಾರತದ ಪಾಲು ಚಿಕ್ಕದಲ್ಲ. ಮದ್ರಾಸ್ ವೀಕ್ಷಣಾಲಯಕ್ಕೆ ಬಂದ ನಾರ್ಮನ್ ಪಾಗ್ಸನ್ 1861ರ ಏಪ್ರಿಲ್ 17ರಂದು ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದರು. ಏಷ್ಯಾದ ನೆಲದಿಂದ ಕಂಡ ಮೊದಲನೆಯದು ಎಂದು ಅದಕ್ಕೆ 67 ಏಷ್ಯಾ ಎಂದೇ ಹೆಸರಾಯಿತು. ಆಮೇಲೆ 1864ರಲ್ಲಿ ಸಾಫೋ, 1866ರಲ್ಲಿ ಸಿಲ್ವಿಯಾ, 1868ರಲ್ಲಿ ಕಮಿಲ್ಲಾ, 1885ರಲ್ಲಿ ವೇರಾ. ಅದೇ ವೀಕ್ಷಣಾಲಯದಲ್ಲಿ ಚಿಂತಾಮಣಿ ರಘುನಾಥಾಚಾರಿ ಎಂಬ ನಮ್ಮ ದೇಶದ ಸಹಾಯಕರು ದುಡಿಯುತ್ತಿದ್ದರು. ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು 1867ರಲ್ಲಿ ಗುರುತಿಸಿದವರು ಅವರು.

ಮದ್ರಾಸಿನ ಆ ಕೆಲಸ ಮುಂದೆ ಕೊಡೈಕನಾಲಿಗೆ ಹೋಯಿತು. ಅದರ ಇಂದಿನ ವಾರಸುದಾರ ಸಂಸ್ಥೆ ನಮ್ಮ ಊರಿನಲ್ಲೇ ಇದೆ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯೇ ಅದು. ಅದನ್ನು ಕಟ್ಟಿದ ವೇಣು ಬಪ್ಪು ಬೆಳೆದದ್ದು ಹೈದರಾಬಾದಿನಲ್ಲಿ. ಅವರ ತಂದೆ ಅಲ್ಲಿನ ನಿಝಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ನವಾಬ್ ಝಫರ್ ಜಂಗ್ ಅವರ ಆಸಕ್ತಿಯಿಂದ ಆರಂಭವಾದ ಆ ವೀಕ್ಷಣಾಲಯ, ಇಡೀ ಆಕಾಶದ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಕೆಲಸದಲ್ಲಿ ತನ್ನ ಪಾಲಿನ ಲಕ್ಷಾಂತರ ನಕ್ಷತ್ರಗಳನ್ನು ಅಳೆದು ಬರೆದುಕೊಟ್ಟಿತು. ಕಲಬುರಗಿ, ಬೀದರ್, ರಾಯಚೂರುಗಳೂ ಅಂದು ಅದೇ ಸಂಸ್ಥಾನದಲ್ಲಿದ್ದವು.

ಬಪ್ಪು ಅವರು ಆಕಾಶ ಕತ್ತಲಾಗಿರುವ ಜಾಗ ಹುಡುಕಿ ಆರಿಸಿದ್ದು ಜವ್ವಾದು ಬೆಟ್ಟದ ಕಾವಲೂರನ್ನು. ನಮ್ಮ ಬೆಂಗಳೂರಿನ ಎಷ್ಟೋ ಕುಟುಂಬಗಳಿಗೆ ವಾಣಿಯಂಬಾಡಿ, ಆಂಬೂರಿನಲ್ಲಿ ನೆಂಟಸ್ತನವಿದೆ. ಆ ವಾಣಿಯಂಬಾಡಿಯಿಂದ ಆಲಂಗಾಯಂ ದಾರಿ ಹಿಡಿದು ಬೆಟ್ಟ ಹತ್ತಿದರೆ ಕಾವಲೂರು. ನೆಂಟರ ಮನೆಯ ದಾವತ್‌ಗೆ ಹೋಗಿ ಬರುವ ನಾವು, ಪಕ್ಕದ ಬೆಟ್ಟದಲ್ಲಿ ಏನಿದೆ ಎಂದು ಎಂದಾದರೂ ಕೇಳಿದ್ದೇವೆಯೇ?

1988ರ ಫೆಬ್ರವರಿ 17ರಂದು ಅಲ್ಲಿ ಆರ್. ರಾಜಮೋಹನ್ ಒಂದು ಹೊಸ ಕ್ಷುದ್ರಗ್ರಹವನ್ನು ಪತ್ತೆ ಮಾಡಿದರು. ಮದ್ರಾಸಿನ ವೇರಾ ಸಿಕ್ಕಿ ನೂರು ವರ್ಷ ದಾಟಿತ್ತು. ಗಣಿತಜ್ಞ ರಾಮಾನುಜನ್ ಹೆಸರನ್ನು ಅದಕ್ಕಿಟ್ಟರು. ವೇಣು ಬಪ್ಪು ಅವರ ಹೆಸರಿನದೂ ಒಂದಿದೆ, 2596ನೆಯದು. ಅದೇ ಸಂಸ್ಥೆಯ ವಿಜ್ಞಾನಿ ಜಯಂತ್ ಮೂರ್ತಿ ಅವರ ಹೆಸರು 2023ರಲ್ಲಿ 215884ನೆಯದಕ್ಕೆ ಸಂದಿತು.

ಹೆಸರಿಗೆ ಮೊದಲು ಸಾಕ್ಷಿ

ಈಗ ದಫ್ತರಿನ ಕ್ರಮ ಹೇಗಿದೆ ನೋಡಿ. ಹೊಸದೊಂದು ಚುಕ್ಕೆ ಕಂಡರೆ ಮೊದಲು ಸಿಗುವುದು ಹೆಸರಲ್ಲ, ತಾತ್ಕಾಲಿಕ ಗುರುತು. ರಾಮಾನುಜನ್‌ಗೆ ಸಿಕ್ಕಿದ್ದು 1988 ಡಿಕ್ಯೂ1. 1988 ಎಂಬುದು ವರ್ಷ. ವರ್ಷವನ್ನು 24 ಅರ್ಧ ತಿಂಗಳುಗಳಾಗಿ ಮಾಡಿ ಒಂದೊಂದಕ್ಕೆ ಒಂದು ಇಂಗ್ಲಿಷ್ ಅಕ್ಷರ ಕೊಟ್ಟಿದ್ದಾರೆ. ಜನವರಿಯ ಮೊದಲರ್ಧ ಎ, ಎರಡನೆಯದು ಬಿ. ಹೀಗೆ ಡಿ ಎಂದರೆ ಫೆಬ್ರವರಿಯ ಎರಡನೆಯ ಅರ್ಧ. ಮುಂದಿನ ಅಕ್ಷರ ಆ ಅವಧಿಯಲ್ಲಿ ಇದು ಎಷ್ಟನೆಯದು ಎಂದು ಹೇಳುತ್ತದೆ. ಒಂದು ಎಂಬ ಅಂಕಿಯಂತೆ ಕಾಣುವ ಐ ಅಕ್ಷರವನ್ನು ಬಿಟ್ಟಿರುವುದರಿಂದ ಒಂದು ಸುತ್ತಿಗೆ 25 ಅಕ್ಷರ. ಕ್ಯೂ ಎಂಬುದು 16ನೆಯದು. ಕೊನೆಯ 1, ಒಂದು ಸುತ್ತು ಮುಗಿದಿದೆ ಎಂಬುದರ ಗುರುತು. ಅಂದರೆ ಆ ಹದಿನೈದು ದಿನದಲ್ಲಿ ದಾಖಲಾದ 41ನೆಯದು.

ಅಮೆರಿಕದ ಕೇಂಬ್ರಿಡ್ಜ್‌ನಲ್ಲಿರುವ ಕ್ಷುದ್ರಗ್ರಹ ಕೇಂದ್ರ ಇದನ್ನೆಲ್ಲ ಬರೆದಿಡುತ್ತದೆ. ಆಮೇಲೆ ವರ್ಷಗಟ್ಟಲೆ ಕಾಯಬೇಕು. ಅದೇ ಚುಕ್ಕೆಯನ್ನು ಬೇರೆ ಬೇರೆ ವರ್ಷ, ಬೇರೆ ಬೇರೆ ಕಡೆಯಿಂದ ಕಂಡು, ಅದರ ಹಾದಿ ಖಚಿತವಾದ ಮೇಲೆ ಶಾಶ್ವತ ಸಂಖ್ಯೆ ಸಿಗುತ್ತದೆ. ಇಲ್ಲಿ ಮೊದಲು ಕಂಡದ್ದಕ್ಕೇ ಮೊದಲ ಸಂಖ್ಯೆ ಎಂದಿಲ್ಲ. ಕಾವಲೂರಿನಲ್ಲೇ 1988ರ ಜನವರಿ 26ರಂದು ರಾಜಮೋಹನ್ ಇನ್ನೊಂದನ್ನು ಕಂಡಿದ್ದರು, ರಾಮಾನುಜನ್‌ಗಿಂತ ಮೂರು ವಾರ ಮೊದಲು. ಆದರೆ ರಾಮಾನುಜನ್ ಸಂಖ್ಯೆ 4130, ಮೊದಲು ಕಂಡ ಭಟ್ಟಾಚಾರ್ಯ ಎಂಬುದರ ಸಂಖ್ಯೆ 8348. ದಫ್ತರು ಅವಸರವನ್ನು ಲೆಕ್ಕಿಸುವುದಿಲ್ಲ, ಖಚಿತತೆಯನ್ನು ಲೆಕ್ಕಿಸುತ್ತದೆ.

ನಮಗೆ ಇದು ಹೊಸದೇನಲ್ಲ. ಈದ್‌ನ ಚಾಂದ್ ಕಂಡೆ ಎಂದು ಒಬ್ಬ ಓಡಿ ಬಂದರೆ ಸಾಲದು, ಯಾರು ಕಂಡರು, ಎಲ್ಲಿ ಕಂಡರು, ಸಾಕ್ಷಿ ಯಾರು ಎಂದು ಕೇಳುತ್ತೇವೆ. ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮೊದಲು ಅದನ್ನು ತಲುಪಿಸಿದ ಒಬ್ಬೊಬ್ಬರ ಹೆಸರನ್ನೂ ಪರಿಶೀಲಿಸಿದರು. ಅದಕ್ಕಾಗಿಯೇ ಸಾವಿರಾರು ಹೆಸರುಗಳ ಗ್ರಂಥಗಳನ್ನು ಬರೆದರು. ಸನದಿಲ್ಲದ ಮಾತಿಗೆ ಬೆಲೆಯಿಲ್ಲ ಎಂಬ ಶಿಸ್ತು ನಮ್ಮ ಮನೆಯದೇ ಆಸ್ತಿ. ಇಂದು ವಾಟ್ಸ್ಆಪ್‌ನಲ್ಲಿ ಬಂದದ್ದನ್ನೆಲ್ಲ ಮುಂದಕ್ಕೆ ಕಳಿಸುವಾಗ ನಾವೇ ಅದನ್ನು ಮರೆಯುತ್ತೇವೆ.

ಸಂಖ್ಯೆ ಬಂದ ಮೇಲಷ್ಟೇ ಹೆಸರಿನ ಮಾತು. ಕಂಡುಹಿಡಿದವರಿಗೆ ಹೆಸರು ಸೂಚಿಸಲು ಹತ್ತು ವರ್ಷಗಳ ಹಕ್ಕಿದೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ ಅದನ್ನು ಪರಿಶೀಲಿಸುತ್ತದೆ. ಹೆಸರು 16 ಅಕ್ಷರ ಮೀರಬಾರದು, ಉಚ್ಚರಿಸುವಂತಿರಬೇಕು, ಯಾರ ಮನಸ್ಸನ್ನೂ ನೋಯಿಸಬಾರದು, ಇನ್ನೊಂದು ಹೆಸರಿನೊಂದಿಗೆ ಗೊಂದಲವಾಗಬಾರದು. ವ್ಯಾಪಾರದ ಹೆಸರಿಗೆ ಅವಕಾಶವಿಲ್ಲ. ರಾಜಕಾರಣಿ, ಸೇನಾನಿಗಳ ಹೆಸರಾದರೆ ಅವರು ತೀರಿ ನೂರು ವರ್ಷ ಕಳೆದಿರಬೇಕು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವ ಪದ್ಧತಿಯಿಲ್ಲ. ದುಡ್ಡಿಗಂತೂ ಸಿಗುವುದೇ ಇಲ್ಲ. ಇಂದು ಸಂಖ್ಯೆ ಪಡೆದವು ಎಂಟು ಲಕ್ಷ ದಾಟಿವೆ. ಹೆಸರು ಪಡೆದವು ಸುಮಾರು 25 ಸಾವಿರ ಮಾತ್ರ.

2017ರಲ್ಲಿ ಬೆಂಗಳೂರಿನ ಒಬ್ಬ ಶಾಲಾ ವಿದ್ಯಾರ್ಥಿನಿಯ ಹೆಸರಿನಲ್ಲಿ ಒಂದು ಗ್ರಹವೇ ಇದೆ ಎಂದು ಪತ್ರಿಕೆಗಳಲ್ಲಿ ಬಂದದ್ದು ಕೆಲವರಿಗೆ ನೆನಪಿರಬಹುದು. ಅದು ದೊಡ್ಡ ಗ್ರಹವಲ್ಲ, ಕ್ಷುದ್ರಗ್ರಹ. ಆದರೆ ಗೌರವ ಮಾತ್ರ ನಿಜವಾದದ್ದು. ನಗರದ ಕೆರೆಗಳ ಮಾಲಿನ್ಯದ ಬಗ್ಗೆ ಕೆಲಸ ಮಾಡಿ, ಅಂತರರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಬಹುಮಾನ ಪಡೆದದ್ದಕ್ಕೆ ಸಂದದ್ದು. ಆ ಹುಡುಗಿ ಆಕಾಶ ನೋಡುತ್ತ ಕೂರಲಿಲ್ಲ, ಕೆರೆಯ ಕೊಳೆನೀರನ್ನು ನೋಡಿದಳು. ನಮ್ಮ ಹೇರೋಹಳ್ಳಿ ಕೆರೆಯ ಪಕ್ಕದಲ್ಲಿ ದಿನವೂ ಓಡಾಡುವ ನಮ್ಮ ಮಕ್ಕಳೂ ನೋಡಬಹುದಾದದ್ದೇ.

ಫಿಹ್ರಿಸ್ತಿನ ಒಂದು ಸಾಲು

ಈ ದಫ್ತರಿನಲ್ಲಿ ನಮ್ಮ ಪೂರ್ವಿಕರೂ ಇದ್ದಾರೆ. 2755 ಇಬ್ನ್ ಸೀನಾ ಅವರದು, 9936 ಅಲ್ ಬೀರೂನಿಯವರದು, 59239 ಇಬ್ನುಲ್ ಹೈಸಮ್ ಅವರದು, 2439 ಸಮರ್ಖಂದದ ಉಲುಗ್ ಬೇಗ್ ಅವರದು. 964ರಲ್ಲಿ ನಕ್ಷತ್ರಗಳ ಗ್ರಂಥ ಬರೆದ ಅಬ್ದುರ್ರಹ್ಮಾನ್ ಅಸ್ಸೂಫಿಯವರದು 12621. ನಮ್ಮ ಕಾಲದ ಮಲಾಲಾ ಹೆಸರಿನದು 316201.

ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು 7060. ಅದರ ಹೆಸರು ಅಲ್ ಇಜ್ಲಿಯ್ಯಾ. ಹತ್ತನೆಯ ಶತಮಾನದಲ್ಲಿ ಹಲಬ್ ನಗರದ ಅರಸ ಸೈಫುದ್ದೌಲಾ ಅವರ ಬಳಿ ಅಸ್ತರ್‌ಲಾಬ್ ಎಂಬ ಉಪಕರಣವನ್ನು ತಯಾರಿಸುತ್ತಿದ್ದ ಮಹಿಳೆ ಅವರು. ಸೂರ್ಯ, ನಕ್ಷತ್ರಗಳ ಎತ್ತರ ಅಳೆದು ಹೊತ್ತು ತಿಳಿಯುವ ಸಲಕರಣೆ ಅದು. ನಮಾಝಿನ ವೇಳೆ, ಕಿಬ್ಲಾದ ದಿಕ್ಕು ತಿಳಿಯಲೂ ಬಳಕೆಯಾಗುತ್ತಿತ್ತು. ಬಗ್ದಾದಿನ ಪುಸ್ತಕ ವ್ಯಾಪಾರಿ ಇಬ್ನುನ್ನದೀಮ್ 987ರ ಹೊತ್ತಿಗೆ ಫಿಹ್ರಿಸ್ತ್ ಎಂಬ ಪಟ್ಟಿಗ್ರಂಥವನ್ನು ಬರೆದರು. ಅದರಲ್ಲಿ ಉಪಕರಣ ತಯಾರಕರ ಸಾಲಿನಲ್ಲಿ ಈಕೆಯನ್ನೂ ಸೇರಿಸಿದರು. ಸ್ವಂತ ಹೆಸರು ಕೂಡ ಅಲ್ಲಿಲ್ಲ, ಇಜ್ಲಿಯವರ ಮಗಳು ಎಂದಷ್ಟೇ ಇದೆ. ಇಂದು ಜನ ಮರ್ಯಮ್ ಎನ್ನುತ್ತಾರೆ, ಅದು ಆಮೇಲೆ ಸೇರಿದ್ದು.

ಯೋಚಿಸಿ. ಅಂದಿನ ಎಷ್ಟೋ ಅಮೀರರು ಅರಮನೆಗಳ ಮೇಲೆ ಹೆಸರು ಕೆತ್ತಿಸಿದರು, ಹೆಚ್ಚಿನವು ಮಣ್ಣಾದವು. ಕೈಕೆಲಸ ಕಲಿತ ಒಬ್ಬ ಮಗಳ ಬಗ್ಗೆ ಒಬ್ಬ ಪ್ರಾಮಾಣಿಕ ಲೇಖಕ ಬರೆದಿಟ್ಟ ಒಂದು ಸಾಲು ಸಾವಿರ ವರ್ಷ ದಾಟಿ ಬಂದಿತು. 1990ರಲ್ಲಿ ಅಮೆರಿಕದ ಪಾಲೊಮಾರ್ ಬೆಟ್ಟದಿಂದ ಕಂಡ ಒಂದು ಲೋಕಕ್ಕೆ ಮುಂದೆ ಅದು ಹೆಸರಾಯಿತು.

ಗ್ರಹಣದ ದಿನ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಬೇಕು. ಪ್ರವಾದಿ(ಸ)ರವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಮರಣಕ್ಕೇ ಸೂರ್ಯ ಕಪ್ಪಾದ ಎಂದು ಜನ ಮಾತಾಡಿಕೊಂಡರು. ದುಃಖದಲ್ಲಿದ್ದ ತಂದೆಗೆ ಆ ಮಾತು ಹಿತವಾಗಿ ಕೇಳಬಹುದಿತ್ತು. ಆದರೆ ಪ್ರವಾದಿ(ಸ)ರು ಅದನ್ನು ಒಪ್ಪಲಿಲ್ಲ. ಸೂರ್ಯ ಚಂದ್ರರು ಅಲ್ಲಾಹನ ಎರಡು ದೃಷ್ಟಾಂತಗಳು, ಯಾರ ಸಾವಿಗೂ ಯಾರ ಹುಟ್ಟಿಗೂ ಅವು ಗ್ರಹಣ ಹಿಡಿಯುವುದಿಲ್ಲ ಎಂದು ಜನರಿಗೆ ತಿಳಿಸಿದರು. ತಮ್ಮ ಸ್ವಂತ ಮಗನ ಹೆಸರನ್ನೂ ಅವರು ಆಕಾಶಕ್ಕೆ ಅಂಟಿಸಲು ಬಿಡಲಿಲ್ಲ.

ಆದ್ದರಿಂದ 7060ರಿಂದ ಅಲ್ ಇಜ್ಲಿಯ್ಯಾರಿಗೆ ದೊಡ್ಡತನ ಬರಲಿಲ್ಲ. ಆ ಸಂಖ್ಯೆ ಅವರ ದುಡಿಮೆಗೆ ಒಂದು ಸಾಕ್ಷಿ, ಅಷ್ಟೆ. ಆ ಕಲ್ಲು ಹೆಸರಿಡುವ ಮೊದಲೂ ತನ್ನ ಸೃಷ್ಟಿಕರ್ತನು ಹಾಕಿದ ಹಾದಿಯಲ್ಲೇ ಸುತ್ತುತ್ತಿತ್ತು, ಈಗಲೂ ಸುತ್ತುತ್ತಿದೆ. ಆದಮ್(ಅ)ರಿಗೆ ಅಲ್ಲಾಹನು ಹೆಸರುಗಳನ್ನು ಕಲಿಸಿದ್ದು ವಸ್ತುಗಳನ್ನು ತಿಳಿಯಲಿ ಎಂದು, ಮೆರೆಯಲಿ ಎಂದಲ್ಲ.

ಆ ಸಹೋದರರಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ದುಡ್ಡು ಹೋಯಿತು ಅನ್ನಿ, ಹಜ್ರತ್" ಎಂದರು. "ದುಡ್ಡು ಹೋಯಿತು. ಮಗಳು ಎತ್ತರಕ್ಕೇರಲಿ ಎಂಬ ನಿಮ್ಮ ನಿಯ್ಯತ್ ಹೋಗಿಲ್ಲ. ಅವಳಿಗೆ ನೀವು ಒಳ್ಳೆಯ ಅರ್ಥದ ಹೆಸರಿಟ್ಟಿದ್ದೀರಿ. ಕೆಟ್ಟ ಅರ್ಥದ ಹೆಸರುಗಳನ್ನು ಪ್ರವಾದಿ(ಸ)ರು ಬದಲಿಸುತ್ತಿದ್ದರು, ಅಷ್ಟು ಬೆಲೆ ಹೆಸರಿಗಿದೆ. ಇನ್ನು ಆ ಹೆಸರನ್ನು ಜನನ ಪತ್ರದಲ್ಲಿ ತಪ್ಪಿಲ್ಲದೆ ಬರೆಸಿ, ಶಾಲೆಗೆ ಸೇರಿಸಿ, ಮಧ್ಯದಲ್ಲಿ ಬಿಡಿಸಬೇಡಿ" ಎಂದೆ.

ಹೆಗ್ಗನಹಳ್ಳಿಯ ನಮ್ಮ ತಾರಸಿಗಳಿಂದ ಈಗ ದೀಪಗಳ ಬೆಳಕಿನಲ್ಲಿ ಬೆರಳೆಣಿಕೆಯ ನಕ್ಷತ್ರಗಳಷ್ಟೇ ಕಾಣುತ್ತವೆ. ರಜೆಯ ದಿನ ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುವ ಬದಲು ಒಮ್ಮೆ ನೆಹರೂ ತಾರಾಲಯಕ್ಕೆ ಕರೆದೊಯ್ಯಿರಿ. ಹೆಣ್ಣುಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಕೇಳಿದ್ದನ್ನು ಪರಿಶೀಲಿಸುವ ಬುದ್ಧಿಯನ್ನು, ನಮ್ಮ ಮಕ್ಕಳಿಗೆ ಫಲ ನೀಡುವ ಇಲ್ಮ್ ಅನ್ನು ಅಲ್ಲಾಹನು ಕರುಣಿಸಲಿ. ಜನರ ದಫ್ತರಿನಲ್ಲಿ ನಮ್ಮ ಹೆಸರಿರಲಿ ಇಲ್ಲದಿರಲಿ, ಅವನ ಬಳಿ ಸಜ್ಜನರ ಸಾಲಿನಲ್ಲಿ ಇರುವಂತೆ ಮಾಡಲಿ. ಆಮೀನ್.