ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ವಾಕ್ಯಬೋಧನೆ: ವಾಚನ–ಲೇಖನಗಳ ಸಂಬಂಧವನ್ನು ಕುರಿತು

ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ವಿದ್ಯಾರ್ಥಿಗಳ ಕನ್ನಡ ವಾಚನವನ್ನು ಲಕ್ಷ್ಯವಿಟ್ಟು ಕೇಳಿದ ಅಧ್ಯಾಪಕರಿಗೆ ಒಂದು ವೈಚಿತ್ರ್ಯವು ಗೋಚರವಾಗದೆ ಇರದು: ಒತ್ತಕ್ಷರಗಳಲ್ಲಿ ಎಡವದೆ, ಪದಗಳನ್ನು ಸ್ಫುಟವಾಗಿ ಉಚ್ಚರಿಸುತ್ತ ಪುಟವೊಂದನ್ನು ಓದಿ ಮುಗಿಸಿದ ಬಾಲಕನು, ಓದಿದುದರ ತಾತ್ಪರ್ಯವೇನೆಂದು ಕೇಳಿದೊಡನೆ ಮೂಕನಾಗುತ್ತಾನೆ. ಇದಕ್ಕೆ ಅಕ್ಷರಜ್ಞಾನದ ಕೊರತೆಯೇ ಕಾರಣವೆಂದು ಬಗೆದು ಅವನನ್ನು ಮರಳಿ ಕಾಗುಣಿತಕ್ಕೂ ಉಕ್ತಲೇಖನಕ್ಕೂ ದೂಡುವುದು ರೂಢಿಯಾಗಿದೆ. ಕನ್ನಡದ ಅಕ್ಷರಸಮುದಾಯವು ವಿಸ್ತಾರವಾದುದೆಂಬುದೂ, ಅದರ ಪೂರ್ಣ ಗ್ರಹಣಕ್ಕೆ ಶಾಲೆಯ ಮೊದಲ ಒಂದೆರಡು ವರ್ಷಗಳು ಸಾಲವೆಂಬುದೂ ದಿಟ. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಸಪ್ರಮಾಣವಾಗಿ ತೋರಿಸಿದೆ. ಆದರೆ ಅಕ್ಷರದ ಎಡರನ್ನು ದಾಟಿದ ಮೇಲೆಯೂ ಉಳಿಯುವ ಈ ತೊಡಕಿಗೆ ಮೂಲವು ವಾಕ್ಯದ ಅಪರಿಚಯವೆಂದು ನನ್ನ ಅಭಿಪ್ರಾಯ.

ಕನ್ನಡ ವಾಕ್ಯದಲ್ಲಿ ಪೂರ್ಣಕ್ರಿಯಾಪದವು ಸಾಮಾನ್ಯವಾಗಿ ಕೊನೆಗೆ ಬರತಕ್ಕದ್ದು. ಅದಕ್ಕೆ ಮುನ್ನ ಕೃದಂತಗಳೂ ಅವುಗಳಿಗೆ ಅಂಟಿದ ಉಪವಾಕ್ಯಗಳೂ ಒಂದರ ಬೆನ್ನಿಗೊಂದು ಬರುತ್ತವೆ. “ಮಳೆ ನಿಂತ ಮೇಲೆ ಕೆರೆಯ ಏರಿಯನ್ನು ನೋಡಲು ಹೋಗಿದ್ದ ರೈತರು, ಬಿರುಕಿನಿಂದ ನೀರು ಒಸರುತ್ತಿರುವುದನ್ನು ಕಂಡು, ಊರಿಗೆ ಸುದ್ದಿ ಮುಟ್ಟಿಸಿದರು” ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಇದರಲ್ಲಿ ಕಠಿನವಾದ ಪದವೊಂದೂ ಇಲ್ಲ. ಆದರೂ ಕರ್ತೃವಿಗೂ ಕ್ರಿಯೆಗೂ ನಡುವೆ ಇನ್ನೊಂದು ಘಟನೆಯೇ ಅಡಗಿರುವುದರಿಂದ, ಪದಪದವಾಗಿ ಓದುವ ಮಗುವು ಕೊನೆಯನ್ನು ಮುಟ್ಟುವಷ್ಟರಲ್ಲಿ ಮೊದಲನ್ನು ಮರೆತಿರುತ್ತದೆ. ಕಿರಿಯ ತರಗತಿಗಳ ಪಾಠಗಳಲ್ಲಿ ಇಂತಹ ವಾಕ್ಯಗಳು ವಿರಳ. ಆರನೆಯ ತರಗತಿಯಿಂದಾಚೆಗೆ ಸಮಾಜವಿಜ್ಞಾನ, ವಿಜ್ಞಾನಗಳ ಪುಸ್ತಕಗಳಲ್ಲಿಯೂ ಇವೇ ತುಂಬಿರುತ್ತವೆ.

ಪರಿಹಾರದ ಒಂದಂಶವು ನಮ್ಮ ಪೂರ್ವಿಕರ ಪಾಠಕ್ರಮದಲ್ಲಿಯೇ ಇದೆ. ಪದಗಳ ನಡುವೆ ತೆರಪಿಲ್ಲದೆ ಬರೆದ ಓಲೆಗರಿಗಳನ್ನು ಓದಿದವರಿಗೆ ಪದಚ್ಛೇದವು ಅರ್ಥದ ಮೊದಲ ಮೆಟ್ಟಿಲಾಗಿತ್ತು. ಗಮಕಿಯು ಕಾವ್ಯವನ್ನು ವಾಚಿಸುವಾಗ ಎಲ್ಲಿ ನಿಲ್ಲಬೇಕೆಂಬುದನ್ನು ಇಂದಿಗೂ ಅರ್ಥವೇ ನಿರ್ಣಯಿಸುತ್ತದೆ. ಸಂಸ್ಕೃತ ಪಾಠಶಾಲೆಗಳ ಖಂಡಾನ್ವಯವೋ, ಕ್ರಿಯಾಪದವನ್ನು ಮೊದಲು ಹಿಡಿದು, ಆ ಕ್ರಿಯೆಯು ಅಪೇಕ್ಷಿಸುವ ಕರ್ತೃಕರ್ಮಾದಿಗಳನ್ನು ಒಂದೊಂದು ಪ್ರಶ್ನೆಯಿಂದ ಹೊರಡಿಸುವ ಪದ್ಧತಿ. ಇದನ್ನು ಕನ್ನಡ ಗದ್ಯಕ್ಕೆ ಅನ್ವಯಿಸುವುದು ಸುಲಭ. ಮುಟ್ಟಿಸಿದರು, ಏನನ್ನು? ಯಾರಿಗೆ? ಮುಟ್ಟಿಸಿದವರು ಯಾರು? ಅದಕ್ಕೆ ಮುನ್ನ ಅವರು ಕಂಡುದೇನು? ಹೀಗೆ ಕೇಳುತ್ತ, ಮಕ್ಕಳಿಂದ ವಾಕ್ಯದಲ್ಲಿ ಪೆನ್ಸಿಲಿನ ಗೆರೆಯಿಂದ ವಿರಾಮಸ್ಥಾನಗಳನ್ನು ಗುರುತು ಮಾಡಿಸಿ, ಅನಂತರ ಅದೇ ವಾಕ್ಯವನ್ನು ಗಟ್ಟಿಯಾಗಿ ಓದಿಸಿದರೆ, ಧ್ವನಿಯ ಏರಿಳಿತದಿಂದಲೇ ಅರ್ಥವು ತಿಳಿದಿದೆಯೋ ಇಲ್ಲವೋ ಎಂಬುದು ವ್ಯಕ್ತವಾಗುತ್ತದೆ. ಆದರೆ ಈ ಪ್ರಶ್ನೆಗಳು ವಿಭಕ್ತಿಗಳ ಹೆಸರು ಹೇಳಿಸುವ ವ್ಯಾಕರಣಪರೀಕ್ಷೆಯಾಗಿ ಇಳಿಯಲಾಗದು. ಹಾಗೆ ಇಳಿದರೆ ಓದು ಅಲ್ಲಿಗೇ ನಿಲ್ಲುತ್ತದೆ.

ಲೇಖನಾಭ್ಯಾಸವು ಪ್ರಾರಂಭವಾಗಬೇಕಾದುದು ಇದೇ ವಾಕ್ಯದಿಂದ. ಮೇಲಿನ ವಾಕ್ಯವನ್ನು ಮಕ್ಕಳು ಮೊದಲು ಒಡೆಯಲಿ: ಮಳೆ ನಿಂತಿತು. ರೈತರು ಕೆರೆಯ ಏರಿಯನ್ನು ನೋಡಲು ಹೋದರು. ಬಿರುಕಿನಿಂದ ನೀರು ಒಸರುತ್ತಿತ್ತು. ರೈತರು ಅದನ್ನು ಕಂಡರು. ಊರಿಗೆ ಸುದ್ದಿ ಮುಟ್ಟಿಸಿದರು. ಅನಂತರ ಪುಸ್ತಕವನ್ನು ಮುಚ್ಚಿ, ಈ ಚೂರುಗಳನ್ನು ತಮಗೆ ತೋರಿದಂತೆ ಜೋಡಿಸಿ, ಮೂಲದೊಡನೆ ಹೋಲಿಸಲಿ. ಈ ಅಭ್ಯಾಸದಲ್ಲಿ ಹೊರಬೀಳುವ ತಪ್ಪುಗಳು ಬಹು ಬೋಧಪ್ರದವಾದವು. “ಮೇಷ್ಟ್ರು ಪಾಠ ಮುಗಿಸಿ ಹುಡುಗರು ಆಟಕ್ಕೆ ಓಡಿದರು” ಎಂದು ಮಗುವು ಬರೆದರೆ, ‘ಮುಗಿಸಿ’ ಎಂಬ ರೂಪವು ಸಾಮಾನ್ಯವಾಗಿ ಮುಂದಿನ ಕ್ರಿಯೆಯ ಕರ್ತೃವನ್ನೇ ತನ್ನ ಕರ್ತೃವಾಗಿ ಬಯಸುತ್ತದೆಂದೂ, ಇಲ್ಲಿ ‘ಮುಗಿಸಿದೊಡನೆ’ ಎಂದಿರಬೇಕೆಂದೂ ತಿಳಿಸಲು ಅದಕ್ಕಿಂತ ಪ್ರಶಸ್ತವಾದ ಸಂದರ್ಭವಿಲ್ಲ. “ಮಳೆ ಬಂದು ಕೆರೆ ತುಂಬಿತು” ಎಂಬುದು ಮಾತ್ರ ಹೇಗೆ ಸಾಧುವಾಯಿತೆಂದು ಚುರುಕಾದ ಮಗುವೊಂದು ಕೇಳಬಹುದು, ಕೇಳಲೆಂದೇ ನಾವು ಹಾರೈಸಬೇಕು. ಒಂದು ಘಟನೆಯು ಇನ್ನೊಂದಕ್ಕೆ ನೇರವಾದ ಕಾರಣವಾದಾಗ ಭಾಷೆಯು ಈ ಸಲಿಗೆಯನ್ನು ಕೊಡುತ್ತದೆಂಬ ಸಮಾಧಾನದಿಂದ ವ್ಯಾಕರಣವು ಆ ಮಗುವಿಗೆ ವಿಚಾರವಾಗಿ ಪರಿಣಮಿಸುತ್ತದೆ. ಕಂಡು, ಕಂಡರೂ, ಕಂಡುದರಿಂದ ಎಂಬ ಮೂರು ರೂಪಗಳನ್ನು ಒಂದೇ ಸ್ಥಾನದಲ್ಲಿಟ್ಟು ಕಥೆಯನ್ನು ಮುಂದುವರಿಸಲು ಹೇಳಿದರೆ, ಅನುಕ್ರಮ, ವಿರೋಧ, ಕಾರಣಗಳ ಭೇದವು ಲಕ್ಷಣವಾಕ್ಯವಿಲ್ಲದೆಯೇ ಮನದಟ್ಟಾಗುತ್ತದೆ. ವಾಕ್ಯಸಂಯೋಜನೆಯ ಅಭ್ಯಾಸವು ಬರಹವನ್ನು ಉತ್ತಮಗೊಳಿಸುತ್ತದೆಂದು ಗ್ರಹಾಂ ಮತ್ತು ಪೆರಿನ್ ಎಂಬ ವಿದ್ವಾಂಸರು ನಾಲ್ಕರಿಂದ ಹನ್ನೆರಡರವರೆಗಿನ ತರಗತಿಗಳ ಸಂಶೋಧನೆಗಳನ್ನು ಪರಾಮರ್ಶಿಸಿ 2007ರಲ್ಲಿ ವರದಿ ಮಾಡಿದ್ದಾರೆ. ಕೃದಂತಸಮೃದ್ಧವಾದ ನಮ್ಮ ಭಾಷೆಗೆ ಇದು ಇನ್ನೂ ಹೆಚ್ಚಾಗಿ ಒಪ್ಪುವುದೆಂದು ನಾನು ಭಾವಿಸುತ್ತೇನೆ.

ವಾಕ್ಯದಿಂದ ಪರಿಚ್ಛೇದಕ್ಕೆ ಏರುವಾಗ, ಪಾಲಿಂಕ್ಸಾರ್ ಮತ್ತು ಬ್ರೌನ್ ಅವರು 1984ರಲ್ಲಿ ಏಳನೆಯ ತರಗತಿಯ ಮಕ್ಕಳಲ್ಲಿ ಪರೀಕ್ಷಿಸಿದ ಕ್ರಮವು ಅನುಸರಣೀಯ. ಸಣ್ಣ ಗುಂಪಿನಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯೂ ಸರದಿಯ ಮೇಲೆ ಉಪಾಧ್ಯಾಯನಾಗಿ, ಓದಿದ ಭಾಗದ ಸಾರವನ್ನು ಹೇಳಿ, ಒಂದು ಪ್ರಶ್ನೆಯನ್ನು ಹಾಕಿ, ಅಸ್ಪಷ್ಟವಾದುದನ್ನು ಬಿಡಿಸಿ, ಮುಂದೇನು ಬರಬಹುದೆಂದು ಊಹಿಸುತ್ತಾನೆ. ಈ ಚರ್ಚೆಯು ಮಕ್ಕಳ ಆಡುನುಡಿಯಲ್ಲಿಯೇ ನಡೆಯಲಿ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿಗಳನ್ನಾಡುವವರೂ, ಧಾರವಾಡದ ಅಥವಾ ಚಾಮರಾಜನಗರದ ಕನ್ನಡವನ್ನಾಡುವವರೂ ಗ್ರಂಥಸ್ಥ ಭಾಷೆಯನ್ನು ಹೊಸದಾಗಿ ಕಲಿಯಬೇಕಾದವರೇ. ಆಡಿದುದನ್ನು ಬರೆಯುವಾಗ ರೂಪಾಂತರಿಸುವುದೇ ಅವರಿಗೆ ಒಳ್ಳೆಯ ಶಿಕ್ಷಣ.

ತಿದ್ದುವುದರಲ್ಲಿ ಮಿತವಿರಬೇಕು. ಪುಟವೆಲ್ಲ ಕೆಂಪು ಶಾಯಿಯಾದ ಪುಸ್ತಕವನ್ನು ಮಗುವು ಮತ್ತೆ ತೆರೆಯುವುದಿಲ್ಲ. ಒಂದು ವಾರಕ್ಕೆ ಒಂದೇ ಬಗೆಯ ದೋಷವನ್ನು ಗುರುತಿಸಿ, ಮಗುವಿನಿಂದಲೇ ಆ ವಾಕ್ಯವನ್ನು ಪುನಃ ಬರೆಸುವುದು ಲೇಸು, ಅಧ್ಯಾಪಕನಿಗೂ ಸಾಧ್ಯವಾದ ಕೆಲಸ.

ಪಾಠದ ಕೆಳಗಿನ ಪ್ರಶ್ನೆಗಳಿಗೆ ಗೈಡುಗಳಲ್ಲಿ ಸಿದ್ಧವಾದ ಉತ್ತರಗಳು ದೊರೆಯುವವರೆಗೆ, ಪರೀಕ್ಷೆಯು ಅವುಗಳನ್ನೇ ಕೇಳುವವರೆಗೆ, ಇದಾವುದೂ ತರಗತಿಯಲ್ಲಿ ನೆಲೆಯೂರಲಾರದು. ಆದುದರಿಂದ ಪ್ರಶ್ನಪತ್ರಿಕೆಗಳನ್ನು ರಚಿಸುವವರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಮಕ್ಕಳು ಹಿಂದೆಂದೂ ಕಾಣದ ಒಂದು ಗದ್ಯಭಾಗವನ್ನು ಪ್ರತಿ ಪತ್ರಿಕೆಯಲ್ಲಿಯೂ ಕೊಡಿ, ಅದರ ಒಂದು ದೀರ್ಘವಾಕ್ಯವನ್ನು ಒಡೆಯಲೂ ಬಿಡಿವಾಕ್ಯಗಳನ್ನು ಕೂಡಿಸಲೂ ಹೇಳಿ, ಅದಕ್ಕೆ ಕಂಠಪಾಠದ ಉತ್ತರಕ್ಕಿಂತ ಹೆಚ್ಚಿನ ಅಂಕಗಳನ್ನಿಡಿ.